ದಮ್ ವಲಿ ಡಬ್ಬಿ ಕೊಂಡದ್ದು

ರಾಯಚೂರು ಸೀಮೆಯಲ್ಲಿ ದಮ್ ಎಂಬ ಒಂದು ಮಾತಿನ ಮೇಲೆ ಜನ ಹೇರಿರುವ ಭಾರವನ್ನು ಜೋಡೆತ್ತಿನ ಬಂಡಿಯೂ ಎಳೆಯಲಾರದು. ಉಸಿರಿಗೂ ದಮ್, ಎದೆಗಾರಿಕೆಗೂ ದಮ್. ಬೀಡಿ ಎಳೆದರೆ ಅದೊಂದು ದಮ್. ಎಳೆದು ಎಳೆದು ಮುಪ್ಪಿನಲ್ಲಿ ಎದೆ ಗೊರಗೊರ ಎಂದರೆ ಅದೂ ದಮ್ಮೇ. ಬೆಚ್ಚಿಬಿದ್ದ ಕೂಸನ್ನು ದರ್ಗಾಕ್ಕೆ ಒಯ್ದರೆ ಮುಜಾವರರು ದುವಾ ಓದಿ ನೆತ್ತಿಯ ಮೇಲೆ ಊದುವುದಕ್ಕೂ ದಮ್ ಹಾಕುವುದು ಎಂದೇ ಹೆಸರು. ಇವುಗಳಲ್ಲಿ ಯಾವ ಅರ್ಥ ಹಿಡಿದು ಜನ ವಲಿ ಪಾಷಾನನ್ನು ದಮ್ ವಲಿ ಎಂದು ಕರೆದರೋ ಹೇಳಬರುವುದಿಲ್ಲ. ಬೀಡಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಲಸಿ ಕರೆದಿರಬೇಕು. ವಲಿ ಬೀಡಿ ಮುಟ್ಟಿದವನಲ್ಲ.

ಅವನು ಹುಟ್ಟಿದ್ದು ದೇವದುರ್ಗ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ. ಮದುವೆಯಾದ ಮೇಲೆ ರಾಯಚೂರಿಗೆ ಬಂದು ಮೀನಿನ ಅಂಗಡಿ ಇಟ್ಟ. ಆದರೆ ಅಂಗಡಿಯಿಂದ ಅವನನ್ನು ಬಲ್ಲವರು ಆ ಓಣಿಯವರಷ್ಟೇ. ಊರಿನ ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ತುಂಗಭದ್ರೆ. ದೇವದುರ್ಗದ ಕಡೆ ಯಾರಾದರೂ ಮುಳುಗಲಿ, ಮಾನ್ವಿಯ ಕಡೆ ಮುಳುಗಲಿ, ಮನೆಯವರು ಹುಡುಕುತ್ತಿದ್ದುದು ವಲಿಯ ಫೋನ್ ನಂಬರನ್ನು. ವಲಿ ಅರ್ಧ ಹೆಚ್ಚಿದ ಮೀನನ್ನು ಹೆಂಡತಿ ಜಾಹೆದಾಳ ಕಡೆ ಸರಿಸಿ, ಕೈ ತೊಳೆದುಕೊಂಡು ಹೊರಡುತ್ತಿದ್ದ. ದಂಡೆಯಲ್ಲಿ ಹಗ್ಗದ ತುದಿ ಹಿಡಿದು ನಿಲ್ಲಲು ಗೆಳೆಯ ಗಡಿಗೆಪ್ಪ ಇದ್ದ. ಗಡಿಗೆಪ್ಪ ಅಂಬಿಗರವನು, ಹರಿಗೋಲು ಹಾಕುವವನು. ಅವನಿಗಿಂತ ಮುಂಚೆ ಅವನ ಮೀಸೆ ದಂಡೆ ಮುಟ್ಟುತ್ತದೆ ಎಂದು ಊರೇ ನಗುತ್ತಿತ್ತು. ವಲಿ ಎದೆಗೊಂದು ಕಲ್ಲು ಅವಚಿಕೊಂಡು, ಒಂದು ದಮ್ ಒಳಗೆಳೆದುಕೊಂಡು, ಧುಮುಕಿಬಿಡುತ್ತಿದ್ದ. ತಳ ಮುಟ್ಟಿ ಕಲ್ಲು ಬಿಟ್ಟು, ಕೆಸರಿನಲ್ಲಿ ಕೈಯಾಡಿಸಿ ಹುಡುಕುತ್ತಿದ್ದ. ಅಲ್ಲಿ ಕಣ್ಣಿಗೆ ಕೆಲಸವಿಲ್ಲ.

ಹೆಣ ತೆಗೆದವನು ಕೂಲಿ ಕೇಳಬಾರದು; ಅದು ಅವರ ಕಡೆಯ ಕಟ್ಟುಪಾಡು. ಸತ್ತವರ ಮನೆಯ ಹಿರಿಯರು ಎಲ್ಲರೆದುರು ಒಂದು ಹೊಸ ಟವೆಲನ್ನು ಅವನ ಒದ್ದೆ ತಲೆಗೆ ಸುತ್ತುತ್ತಾರೆ, ಕೈಯಲ್ಲಿ ತಮಗೆ ತೋಚಿದಷ್ಟು ಇಡುತ್ತಾರೆ. ಕೈಯಲ್ಲಿ ಇಟ್ಟದ್ದನ್ನು ವಲಿ ನೋಡದೆ ಜೇಬಿಗೆ ಹಾಕುತ್ತಿದ್ದ. ತಲೆಗೆ ಸುತ್ತಿದ್ದನ್ನು ಮಾತ್ರ ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಓಣಿ ದಾಟಿ, ಮನೆಯ ಹೊಸ್ತಿಲು ಮುಟ್ಟುವವರೆಗೂ ಬಿಚ್ಚುತ್ತಿರಲಿಲ್ಲ. ಹುಚ್ಚು ಎಂದರೆ ಹುಚ್ಚೇ. ಆದರೆ ಬೆಳಿಗ್ಗೆ ಅವನ ಅಂಗಡಿಯ ಮುಂದೆ ಮೂಗು ಮುಚ್ಚಿಕೊಂಡು ಹಾಯುವ ಗೌಡರು, ಸಾವಕಾರರು ಆ ಒಂದು ಗಳಿಗೆ ಎರಡೂ ಕೈಯಿಂದ ಅವನ ತಲೆ ಮುಟ್ಟುತ್ತಿದ್ದರು. ಅಂಥ ಹುಚ್ಚು ಯಾರಿಗೆ ಹಿಡಿಯುವುದಿಲ್ಲ ಹೇಳಿ.

ಹೋದ ವರ್ಷ ಹೊಳೆಯಿಂದ ಹೊಲಕ್ಕೆ ನೀರೆತ್ತುವ ಒಂದು ಪಂಪಿನ ಬಾವಿಯಲ್ಲಿ ಆಳೊಬ್ಬ ಬಿದ್ದ. ವಲಿ ಅವನನ್ನು ಮೇಲೆ ತಂದ. ಇಳಿಯುವಾಗ ಎಡಗಿವಿಯೊಳಗೆ ಹಳೆಯ ಸೀರೆ ಹರಿದಂಥ ಸದ್ದಾಗಿತ್ತು. ಅದೇ ಆ ಕಿವಿ ಕೇಳಿದ ಕೊನೆಯ ಸದ್ದು. ರಾಯಚೂರಿನ ಕಿವಿಯ ಡಾಕ್ಟರು ಬೆಳಕು ಬಿಟ್ಟು ನೋಡಿ, ಕುರ್ಚಿ ಎಳೆದುಕೊಂಡು ವಲಿಯ ಬಲಕ್ಕೆ ಬಂದು ಕೂತರು.

"ಎಡಗಡಿದು ಗಾಯ ಮಾಯ್ತದ, ಆದ್ರ ಕಿವಿ ಬರಂಗಿಲ್ಲ. ಬಲಗಡಿದೂ ನೀರಿನ ಒತ್ತಡ ತಿಂದು ತಿಂದು ಸೋತದ. ಇನ್ನೊಂದ್ಸಲ ಹಂಗ ಕಲ್ಲು ಹಿಡಕೊಂಡು ಬಿದ್ರ ಇದೂ ಹೋಗ್ತದ. ಆಮ್ಯಾಲ ನನ್ನ ಹತ್ರ ಬರಬ್ಯಾಡ್ರಿ."

ಜೊತೆಯಲ್ಲಿ ಮಗಳು ನೌಶೀನ್ ಇದ್ದಳು. ಯರಗೇರಾದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವವಳು, ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಸಂಜೆ ಬಂದವಳೇ ಅಪ್ಪನ ಮುಂದೆ ಆ ದಿನದ ಬಸ್ಸಿನ ಪುರಾಣ ಬಿಚ್ಚುತ್ತಿದ್ದಳು: ಯಾರು ಯಾರ ಸೀಟಿಗೆ ಕರವಸ್ತ್ರ ಎಸೆದರು, ಕಂಡಕ್ಟರು ಯಾವ ಮುದುಕಿಗೆ ಸೋತ, ಯಾವ ಮೇಡಮ್ಮು ಪಾಠ ಮಾಡುತ್ತಲೇ ತೂಕಡಿಸಿದರು. ವಲಿ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅವನ ವಿದ್ಯೆಯೆಲ್ಲ ಮಗಳ ಬಾಯಿಂದ ಬಂದದ್ದು. ಎಡಗಿವಿ ಹೋದ ಮೇಲೆ ಅವನು ಮಂಚದ ಎಡ ತುದಿಗೆ ಸರಿದು, ಬಲಗಡೆ ಅವಳಿಗೆ ಜಾಗ ಮಾಡಿಕೊಡುತ್ತಿದ್ದ. ಈ ಒಂದು ಕಿವಿಯೂ ಹೋದರೆ ಏನು ಹೋಗುತ್ತದೆ ಎಂಬುದು ಅವನಿಗೆ ಡಾಕ್ಟರು ಹೇಳಬೇಕಾಗಿರಲಿಲ್ಲ.

ಹಾಗಾದರೆ ಬಿಟ್ಟುಬಿಡಬೇಕಿತ್ತು. ಜಾಹೆದಾ ಅದನ್ನೇ ಹೇಳಿದಳು, ಅತ್ತಳು, ಉಣ್ಣದೆ ಮಲಗಿದಳು. ವಲಿ ಹೂಂ ಎಂದ. ಮಾರನೆಯ ವಾರ ಫೋನು ಬಂದಾಗ ಚಪ್ಪಲಿ ಮೆಟ್ಟಿಕೊಂಡ. ಆಗ ನೌಶೀನ್ ಬಾಗಿಲಿಗೆ ಅಡ್ಡ ನಿಂತಳು. ಮನೆಯಲ್ಲಿ ಅವರ ಮಾತು ದಖ್ನಿ ಉರ್ದು, ಆದರೆ ನೌಶೀನ್‌ಗೆ ಸಿಟ್ಟು ಬಂದರೆ ಶಾಲೆಯಲ್ಲಿ ಕಲಿತ ಕನ್ನಡವೇ ಬಾಯಿಗೆ ಬರುವುದು.

"ಸಮುದ್ರದಾಗ ಮಂದಿ ಬೆನ್ನಿಗಿ ಗಾಳಿ ಡಬ್ಬಿ ಕಟಗೊಂಡು ತಾಸುಗಟ್ಲೆ ಇರ್ತಾರ. ನಿಧಾನ ಇಳೀತಾರ, ಕಿವಿ ಸಂಭಾಳಿಸ್ಕೋತಾರ. ಹೋಗೋದಿದ್ರ ಅದನ್ನ ಕಟಗೊಂಡು ಹೋಗ್ರಿ. ಇಲ್ಲಾಂದ್ರ ನನ್ನ ದಾಟಿ ಹೋಗ್ರಿ."

ವಲಿ ಅಂದು ಹೋಗಲಿಲ್ಲ. ಜಾಹೆದಾ ಬಕ್ರೀದಿಗೆಂದು ಸಾಕಿದ್ದ ಹೋತಗಳನ್ನು ಸಂತೆಗೆ ಹೊಡೆದು, ಬಂದ ದುಡ್ಡನ್ನು ಗಂಡನ ಕೈಗಿಟ್ಟು ಒಂದೇ ಕರಾರು ಹಾಕಿದಳು: ಇನ್ನು ಮೇಲೆ ಆ ಡಬ್ಬಿ ಇಲ್ಲದೆ ಹೊಳೆಯಲ್ಲಿ ಕಾಲೂ ತೊಳೆಯಬಾರದು.

ಡಬ್ಬಿ ಎಲ್ಲಿ ಸಿಗುತ್ತದೆ ಎಂದು ನೌಶೀನ್ ಫೋನಿನಲ್ಲಿ ಮುಂಬೈ, ಗೋವಾ ಎಲ್ಲ ತಿರುಗಿ ಬಂದಳು. ಕೊನೆಗೆ ಸಿಕ್ಕಿದ್ದು ರಾಯಚೂರಿನಲ್ಲೇ. ಮುಷರ್ರಫ್ ಎಂಬವನು ಮುಂಬೈ ಬಂದರಿನಲ್ಲಿ ಹಡಗುಗಳ ಹೊಟ್ಟೆ ಕೆರೆಯುವ ಕೆಲಸ ಮಾಡಿ, ವಯಸ್ಸಾದ ಮೇಲೆ ಊರಿಗೆ ಮರಳಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಅಂಗಡಿಯ ಹಿಂದೆ ಡಬ್ಬಿಗೆ ಗಾಳಿ ತುಂಬುವ ಯಂತ್ರ, ಹಳೆಯ ಸಾಮಾನು, ಕೆಲವು ಹೊಸ ಸಾಮಾನು ಎಲ್ಲ ಇತ್ತು, ಕೊಳ್ಳುವವರಷ್ಟೇ ಇರಲಿಲ್ಲ. ಅಪ್ಪ, ಮಗಳು, ಗಡಿಗೆಪ್ಪ ಮೂವರೂ ಹೋಗಿ, ಹೋತ ಮಾರಿ ದುಡ್ಡು ತಂದ ಕತೆಯನ್ನೂ ಹೇಳಿದರು. ಗಡಿಗೆಪ್ಪನಿಗೆ ದಖ್ನಿ ಅರ್ಧಂಬರ್ಧ, ಹಾಗಾಗಿ ವ್ಯಾಪಾರವೆಲ್ಲ ಕನ್ನಡದಲ್ಲೇ ನಡೆಯಿತು.

ವಲಿಯ ಕಣ್ಣು ಮೊದಲು ಹೋದದ್ದು ಗೋಡೆಗೆ ತೂಗುಹಾಕಿದ್ದ ಹಳದಿ ರಬ್ಬರಿನ ಕಾಲುರೆಕ್ಕೆಗಳ ಮೇಲೆ. ಮಗಳ ಫೋನಿನಲ್ಲಿ ನೋಡಿದ ಚಿತ್ರಗಳಲ್ಲೆಲ್ಲ ಅವೇ ಎದ್ದು ಕಾಣುತ್ತಿದ್ದವು.

"ಇವು ಬೇಕ್ರಿ," ಎಂದ.

"ಎದಕ್ಕ?" ಮುಷರ್ರಫ್ ಕೇಳಿದ. "ನೀವು ಇಳಿಯೋದು ಮಡುವಿನ್ಯಾಗ, ಪಂಪಿನ ಬಾವ್ಯಾಗ. ಅಲ್ಲಿ ರೆಕ್ಕಿ ಬಡದ್ರ ಕೆಸರೆದ್ದು ನಿಮ್ಮ ಕೈ ನಿಮಗ ಕಾಣಂಗಿಲ್ಲ. ಹಳೇ ಕ್ಯಾನ್ವಾಸ್ ಬೂಟು ಹಾಕ್ಕೋರಿ ಸಾಕು."

"ಕೆಸರು ಎಬ್ಬಿಸದಿದ್ರೂ ಕಾಣಂಗಿಲ್ಲ ಬಿಡ್ರಿ," ಎಂದ ಗಡಿಗೆಪ್ಪ. ರೆಕ್ಕೆಯ ದುಡ್ಡು ಉಳಿಯಿತು.

ಕನ್ನಡಕದ ಸರದಿ ಬಂತು. ಕಣ್ಣು, ಮೂಗು ಎರಡನ್ನೂ ಮುಚ್ಚುವ ಅದನ್ನು ಫೋನಿನಲ್ಲೇ ತರಿಸಿದರೆ ಅರ್ಧ ಬೆಲೆಗೆ ಬರುತ್ತದೆ ಎಂದು ನೌಶೀನ್ ವಾದಿಸಿದಳು. "ಅವ್ವಾ, ಚಪ್ಪಲಿ ಕಾಲಿಗಿಟ್ಟು ನೋಡದ ತರಸ್ತೀ ಏನು? ಇದು ಮಾರಿಗಿಡೋದು," ಎಂದು ಮುಷರ್ರಫ್ ನಾಲ್ಕೈದು ಕನ್ನಡಕ ತಂದು ಸಾಲಾಗಿ ಇಟ್ಟ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದು, ಕೈ ಬಿಡಬೇಕು. ಬೀಳದಿದ್ದರೆ ಅದು ನಿನ್ನದು. ಮೂರು ಬಿದ್ದವು. ನಾಲ್ಕನೆಯದು ವಲಿಯ ಮುಖಕ್ಕೆ ಹಲ್ಲಿಯಂತೆ ಕಚ್ಚಿಕೊಂಡಿತು. ಗಡಿಗೆಪ್ಪನಿಗೂ ಚಪಲ ತಡೆಯದೆ ಒಂದೊಂದನ್ನೇ ಒತ್ತಿಕೊಂಡು ನೋಡಿದ, ಎಲ್ಲವೂ ಜಾರಿದವು. "ಮೀಸಿ ಸಂದ್ಯಾಗ ಗಾಳಿ ಹೋಗ್ತದ. ವಲಿ ಸಾಬರು ಮೀಸಿ ಕತ್ತರಿಸಿ ಗಡ್ಡ ಬಿಟ್ಟಾರ, ನಡೀತದ. ನೀವು ಮೀಸಿ ತಗದ್ರ ನಿಮಗೂ ಒಂದು ಕೊಡ್ತೀನಿ," ಎಂದ ಮುಷರ್ರಫ್. ಗಡಿಗೆಪ್ಪ ಕನ್ನಡಕ ಕೆಳಗಿಟ್ಟು, "ನಾ ಹಗ್ಗನ ಹಿಡೀತೀನಿ ಬಿಡ್ರಿ," ಎಂದ.

ಮೈಗೆ ಅಂಟುವ ರಬ್ಬರಿನ ಅಂಗಿ ಹಳೆಯದೇ ಸಾಕಾಯಿತು. ಮೊಣಕಾಲಿಗೆ ತೇಪೆ ಇತ್ತು, ಆದರೆ ನೀರೊಳಗಿನ ಜಾಲಿಮುಳ್ಳಿಗೆ ತೇಪೆ ತಿಳಿಯುವುದಿಲ್ಲವಲ್ಲ. ಬಲೆ ಕೊಯ್ಯುವ ಚಾಕು ವಲಿಯ ಅಂಗಡಿಯಲ್ಲೇ ಇತ್ತು. ಸೊಂಟಕ್ಕೆ ಕಟ್ಟುವ ಸೀಸದ ಭಾರಕ್ಕೆ ಮುಷರ್ರಫ್ ಹೇಳಿದ ಬೆಲೆ ಕೇಳಿ ವಲಿ ನಕ್ಕ. ಮನೆಯಲ್ಲಿ ಮೀನು ತೂಗುವ ಕಬ್ಬಿಣದ ಕಲ್ಲುಗಳು ಕಂಪ್ಯೂಟರ್ ತಕ್ಕಡಿ ಬಂದ ಮೇಲೆ ಮೂಲೆ ಸೇರಿದ್ದವು. ಪಟ್ಟಿಗೆ ಅವನ್ನೇ ಪೋಣಿಸಿಕೊಂಡರಾಯಿತು.

ಜಗ್ಗಾಟ ನಡೆದದ್ದು ಬಾಯಲ್ಲಿ ಕಚ್ಚಿಕೊಂಡು ಉಸಿರಾಡುವ ಸಾಧನಕ್ಕೆ. ಅದಕ್ಕೆ ರೆಗ್ಯುಲೇಟರ್ ಎನ್ನುತ್ತಾರೆ, ಗ್ಯಾಸ್ ಒಲೆಯದಕ್ಕೂ ಅದೇ ಹೆಸರು. ಹಳೆಯದೊಂದು ಕಡಿಮೆ ಬೆಲೆಗೆ ಇತ್ತು. ಅದನ್ನು ತೆಗೆದುಕೊಂಡರೆ ಹೊಸ ಅಂಗಿಯೂ ಬರುತ್ತದೆ, ಹಳದಿ ರೆಕ್ಕೆಯೂ ಬರುತ್ತದೆ ಎಂದು ವಲಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮುಷರ್ರಫ್ ಅದನ್ನು ಅವನ ಕೈಯಿಂದ ಕಸಿದು ಹಲಗೆಯ ಮೇಲಿಟ್ಟ.

"ರೊಕ್ಕ ಉಳಿಸ್ಬೇಕಂದ್ರ ಕಾಲಾಗ ಉಳಸ್ರಿ, ಮೈಮ್ಯಾಗ ಉಳಸ್ರಿ. ಬಾಯಾಗ ಉಳಸಬ್ಯಾಡ್ರಿ. ಇದು ಹೊಸಾದೇ ಬೇಕು. ಡಬ್ಬಿಯೊಳಗ ಎಷ್ಟು ಉಳದದ ಅಂತ ತೋರಸೋ ಮುಳ್ಳೂ ಬೇಕು. ಉಬ್ಬಿಸ್ಕೊಂಡು ಮ್ಯಾಲ ಬರೋ ಜಾಕೀಟು ಹಳೇದೈತಿ, ತೂತಿಲ್ಲ, ಸಾಬೂನು ನೀರು ಹಚ್ಚಿ ತೋರಸ್ತೀನಿ. ಇವೆಲ್ಲ ಹೊಂದಿದ್ರ ಕೊಡ್ತೀನಿ. ಇಲ್ಲಾಂದ್ರ ಹೋಗಿ ಹೋತ ವಾಪಸ್ ತರ್ರಿ."

"ಡಬ್ಬಿ ತುಂಬ ಆಕ್ಸಿಜನ್ ಬರ್ತದಲ್ರಿ?" ವಲಿ ಕೇಳಿದ. ಕೊರೊನಾ ಕಾಲದಲ್ಲಿ ಆ ಹೆಸರು ಕೇಳದವರು ಯಾರು.

"ಗಾಳಿ. ಬರೇ ಗಾಳಿ. ಸೋಸಿ, ಒತ್ತಿ ತುಂಬಿದ್ದು."

"ಹೆಣ ತಗಿಯೋನ ಮನ್ಯಾಗ ಡಬ್ಬಿ ತುಂಬ ಗಾಳಿ," ದೆವ್ವಕ್ಕೂ ಗಾಳಿ ಎನ್ನುವ ಸೀಮೆಯ ಗಡಿಗೆಪ್ಪ ಮೀಸೆಯಡಿ ನಕ್ಕ. "ಜಾಹೆದಕ್ಕ ಹೊಸ್ತಿಲ ದಾಟಸಿದ್ರ ಕೇಳು."

ಎಲ್ಲ ಕಟ್ಟಿಸಿ, ಹೋತದ ದುಡ್ಡು ಮುಗಿದ ಮೇಲೆ ಮುಷರ್ರಫ್ ವಲಿಯನ್ನು ಎದುರಿಗೆ ಕೂರಿಸಿಕೊಂಡು ಒಂದು ಮಾತು ಹೇಳಿದ. "ಇಷ್ಟ ದಿನ ಕಲ್ತಿದ್ದು ಮರೀಬೇಕು ನೀವು. ಇದನ್ನ ಬಾಯಾಗ ಇಟಗೊಂಡ್ ಮ್ಯಾಲ ಯಾವತ್ತೂ ದಮ್ ಹಿಡೀಬಾರದು. ದಮ್ ಹಿಡದು ಮ್ಯಾಲ ಬಂದ್ರ ಎದಿ ಒಡೀತದ. ಎಳೀರಿ, ಬಿಡ್ರಿ. ಕೈ ಅಳತಿಗೊಮ್ಮಿ ನಿಂದರ್ರಿ, ಮೂಗು ಒತ್ತಿ ಊದಿ ಕಿವಿ ತಗೀರಿ. ನೋವಾದ್ರ ಮ್ಯಾಲ ಬರ್ರಿ. ನೆಗಡಿ ಇದ್ರ ಕಿವಿ ತಗಿಯಂಗಿಲ್ಲ, ಇಳೀಲೇಬ್ಯಾಡ್ರಿ. ನಾ ನಿಮಗ ದಮ್ ಮಾರಿಲ್ಲ ಸಾಬ್. ಪುರುಸೊತ್ತು ಮಾರೀನಿ."

ಕಲ್ಮಲದಲ್ಲಿ ಮುಷರ್ರಫ್‌ನ ಗುರುತಿನವರ ತೋಟದ ಬಾವಿಯಲ್ಲಿ ಪಾಠ ಶುರುವಾಯಿತು. ದಮ್ ಹಿಡಿಯುವುದನ್ನು ಕಲಿಯಲು ವಲಿಗೆ ಬಾಲ್ಯ ಸಾಕಾಗಿತ್ತು. ಬಿಡುವುದನ್ನು ಕಲಿಯಲು ನಡುವಯಸ್ಸಿನಲ್ಲಿ ಬೆವರು ಹರಿಯಿತು. ನೀರು ತಲೆಯ ಮೇಲೆ ಬಂದ ಕೂಡಲೇ ಎದೆ ತಾನಾಗಿ ಬಿಗಿದುಕೊಳ್ಳುತ್ತಿತ್ತು. ಮುಷರ್ರಫ್ ಬೆನ್ನಿಗೆ ಗುದ್ದುತ್ತಿದ್ದ, ವಲಿ ಗುಳ್ಳೆ ಬಿಡುತ್ತಿದ್ದ. ಆಮೇಲೆ ಒಂದು ಮಧ್ಯಾಹ್ನ ಅದು ಒಲಿದುಬಿಟ್ಟಿತು. ಬಾವಿಯ ತಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ತನ್ನ ಉಸಿರು ಒಳಗೆ ಹೋಗಿ ಹೊರಗೆ ಬರುವುದನ್ನು ಬಲಗಿವಿಯಿಂದ ಕೇಳಿದ. ಬದುಕಿನಲ್ಲಿ ಮೊದಲ ಸಲ ನೀರಿನೊಳಗೆ ಅವನಿಗೆ ಅವಸರವಿರಲಿಲ್ಲ. ಮೇಲೆ ಬಂದು ಮೆಟ್ಟಿಲ ಮೇಲೆ ಕೂತು ಮಗುವಿನಂತೆ ನಕ್ಕ. ಸಂಜೆ ಮಂಚದ ಮೇಲೆ ಅಂದು ಮಾತಾಡಿದವನು ಅವನೇ, ಕೇಳಿದವಳು ನೌಶೀನ್. ಆ ಕೆಲವು ವಾರ ಆ ಮನೆ ಸುಖವಾಗಿತ್ತು ಎಂದು ಹೇಳಲೇಬೇಕು, ಯಾಕೆಂದರೆ ಆಮೇಲೆ ಹೇಳುವುದಕ್ಕೆ ಅಂಥದ್ದೇನೂ ಇಲ್ಲ.

ಮೊದಲ ಕರೆ ಮಾನ್ವಿಯ ಕಡೆಯಿಂದ ಬಂತು. ಅಕ್ಕಿ ಗಿರಣಿಯ ಸಾವಕಾರ ಚನ್ನವೀರನ ತಮ್ಮ ತುಂಗಭದ್ರೆಯಲ್ಲಿ ಸ್ನಾನಕ್ಕಿಳಿದು ಮುಳುಗಿಹೋಗಿದ್ದ. ವಲಿ ಅಂಗಿ ತೊಟ್ಟು, ತೂಕದ ಕಲ್ಲು ಕಟ್ಟಿಕೊಂಡು, ಡಬ್ಬಿ ಹೊತ್ತು ನೀರಿನ ಅಂಚಿಗೆ ನಡೆದಾಗ ದಂಡೆಯ ಮೇಲಿದ್ದವರೆಲ್ಲ ಫೋನು ಎತ್ತಿ ಹಿಡಿದರು. ಹೆಣ ಹಳೆಯ ಮೀನುಬಲೆಗೆ ಸುತ್ತಿಕೊಂಡಿತ್ತು. ಮೊದಲಾಗಿದ್ದರೆ ದಮ್ ಮುಗಿಯುವುದರೊಳಗೆ ಜಗ್ಗಿ, ಹರಿದು, ಕೈಯೋ ಕಾಲೋ ತರಚಿ ತರಬೇಕಾಗುತ್ತಿತ್ತು. ಅಂದು ವಲಿ ಒಂದೊಂದೇ ಎಳೆ ಕೊಯ್ದ, ಮುಖಕ್ಕೆ ಗೀರು ಬೀಳದಂತೆ ಬಿಡಿಸಿದ, ಮಲಗಿದವನನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದ. ಅಷ್ಟು ಒಳ್ಳೆಯ ಕೆಲಸವನ್ನು ಅವನು ಹಿಂದೆಂದೂ ಮಾಡಿರಲಿಲ್ಲ.

ಚನ್ನವೀರ ಒಳ್ಳೆಯ ಮನುಷ್ಯ. ಕಣ್ಣು ಒರೆಸಿಕೊಳ್ಳುತ್ತ, ಕೈಯಲ್ಲಿ ಹೊಸ ಟವೆಲ್ ಹಿಡಿದು ಬಂದ. ವಲಿ ಅಭ್ಯಾಸದಂತೆ ತಲೆ ಬಗ್ಗಿಸಿದ. ಚನ್ನವೀರ ಅವನನ್ನು ದಾಟಿ, ಮರಳಿನ ಮೇಲೆ ಬಿಚ್ಚಿಟ್ಟಿದ್ದ ಡಬ್ಬಿಯ ಮುಂದೆ ಮೊಣಕಾಲೂರಿ ಕೂತ. ಅದಕ್ಕೆ ವಿಭೂತಿ ಹಚ್ಚಿದ. ಕೊರಳಿಗೆ ಟವೆಲ್ ಸುತ್ತಿದ. ತೆಂಗಿನಕಾಯಿ ಒಡೆದ. "ಇದು ಇರದಿದ್ರ ನನ್ನ ತಮ್ಮನ ಮಾರಿ ನೋಡ್ತಿದ್ದಿಲ್ಲ ನಾನು," ಎಂದು ಡಬ್ಬಿಗೆ ಕೈಮುಗಿದ. ಅವನ ಮನಸ್ಸಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಗಿರಣಿಯಲ್ಲಿ ದಸರೆಗೆ ಮೋಟರಿಗೆ ಮಾಡುವುದನ್ನೇ ಮಾಡಿದ್ದ. ವಲಿ ಬಗ್ಗಿಸಿದ ತಲೆಯನ್ನು ಬೂಟಿನ ದಾರ ಬಿಚ್ಚುವ ನೆಪಕ್ಕೆ ಇನ್ನಷ್ಟು ಬಗ್ಗಿಸಿದ. ಗಡಿಗೆಪ್ಪ ಮಾತ್ರ ನೋಡಿದ, ನೋಡಿ ಹಗ್ಗ ಸುತ್ತತೊಡಗಿದ.

ವಿಡಿಯೋ ಮನೆಮನೆ ತಿರುಗಿತು. ಅದರಡಿ ಜನ ಬರೆದದ್ದನ್ನು ನೌಶೀನ್ ಅಪ್ಪನಿಗೆ ಓದಿ ಹೇಳಲಿಲ್ಲ, ಆದರೆ ಓದುವ ಮಂದಿಗೆ ರಾಯಚೂರಿನಲ್ಲಿ ಬರವೇ? ಬೆನ್ನಿಗೆ ಗಾಳಿ ಕಟ್ಟಿದರೆ ನಮ್ಮ ಎಮ್ಮೆಯೂ ಇಳಿಯುತ್ತದೆ ಎಂದು ಒಬ್ಬ ಬರೆದಿದ್ದ. ದರ್ಗಾದ ದಮ್ ಬಿಟ್ಟು ತಗಡಿನ ದಮ್ ನಂಬಿದ, ಇನ್ನು ಅವನ ಕೈಗುಣ ಹೋಯಿತು ಎಂದು ಇನ್ನೊಬ್ಬ. ಕೈಯಲ್ಲಿ ಇಡುವುದೂ ಇಳಿಯಿತು. ಜೀವ ಒತ್ತೆ ಇಟ್ಟವನಿಗೆ ಕೊಡುವ ಕೈ ಕ್ಷೇಮವಾಗಿ ಹೋಗಿಬರುವವನಿಗೆ ಏಕೆ ಬಿಚ್ಚೀತು? ಒಂದು ದಿನ ಕವಿತಾಳದ ಕಡೆಯಿಂದ ಫೋನು ಬಂತು: "ವಲಿ ಸಾಬ್, ನೀವು ಬರೋದೇನು ಬ್ಯಾಡ್ರಿ, ಡಬ್ಬಿ ಬಾಡಿಗಿ ಕೊಡ್ರಿ. ನಮ್ಮ ಓಣ್ಯಾಗ ಒಬ್ಬಾಂವಗ ಈಜು ಬರ್ತದ, ಅವನೇ ಇಳೀತಾನ."

"ಸತ್ತುಹೋಗ್ತಾನ್ರಿ ಅವ," ಎಂದ ವಲಿ.

"ನಿಮಗ ಏನೂ ಆಗಂಗಿಲ್ಲ, ಅವಂಗ ಹ್ಯಾಂಗ ಆಗ್ತದ?"

ವಲಿ ಕೊಡಲಿಲ್ಲ. ಕೊಡದಿದ್ದಕ್ಕೆ ಸೊಕ್ಕು ಬಂದಿದೆ ಎಂದರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಮಂದಿಗೆ ಆಳ ಬಲ್ಲವನು ಬೇಡ ಎಂದರೆ ಸೊಕ್ಕಾಗಿಯೇ ಕಾಣುತ್ತದೆ. ದಮ್ ವಲಿ ಎನ್ನುತ್ತಿದ್ದವರು ಡಬ್ಬಿ ವಲಿ ಎನ್ನತೊಡಗಿದರು. ಅದನ್ನು ಅವನು ಬಸ್ಸಿನಲ್ಲಿ, ಮಾರುಕಟ್ಟೆಯಲ್ಲಿ, ಒಮ್ಮೆ ಮಸೀದಿಯ ಮೆಟ್ಟಿಲ ಮೇಲೂ ಕೇಳಿದ. ಬಲಗಿವಿ ಚೆನ್ನಾಗಿ ಕೇಳಿಸುತ್ತಿತ್ತಲ್ಲ, ಅದೇ ಕಷ್ಟ.

ಚಳಿಗಾಲದಲ್ಲಿ ಕರೆ ಬಂದದ್ದು ಅವನು ಹುಟ್ಟಿದ ಊರಿಂದಲೇ. ಅಂಬಮ್ಮನ ಮಗ ಹರಿಗೋಲಿನಿಂದ ಕೃಷ್ಣೆಯ ಮಡುವಿಗೆ ಬಿದ್ದಿದ್ದ. ಅಂಬಮ್ಮ ಎಂದರೆ ವಲಿಯ ತಾಯಿ ತೀರಿದಾಗ ಅವನಿಗೆ ರೊಟ್ಟಿ ತಟ್ಟಿ ಹಾಕಿದ ಪಕ್ಕದ ಮನೆಯವಳು. ವಲಿಗೆ ಅಂದು ನೆಗಡಿ; ಮೂಗು ಕಟ್ಟಿತ್ತು. ಇಳಿಯಬಾರದು ಎಂದು ಗೊತ್ತಿತ್ತು. ಆದರೆ ಅಂಬಮ್ಮನಿಗೆ ನೆಗಡಿ ಎಂದು ಹೇಳುವುದು ಹೇಗೆ? ಹೋದ. ಸಾಮಾನೆಲ್ಲ ಕಟ್ಟಿಕೊಂಡು, ಗಡಿಗೆಪ್ಪನ ಕೈಗೆ ಹಗ್ಗ ಕೊಟ್ಟು, ನಿಧಾನವಾಗಿ ಇಳಿದ. ಕೈ ಅಳತೆಗೊಮ್ಮೆ ನಿಂತು ಮೂಗು ಒತ್ತಿದ. ಕಿವಿ ತೆರೆಯಲಿಲ್ಲ. ಇನ್ನಷ್ಟು ಇಳಿದಾಗ ಬಲಗಿವಿಗೆ ಸೂಜಿ ಚುಚ್ಚಿದಂತಾಯಿತು. ಮುಷರ್ರಫ್ ಕಲಿಸಿದ್ದನ್ನೇ ಮಾಡಿದ: ಮೇಲೆ ಬಂದ.

"ಬರಿಗೈಲೆ ಬಂದ," ದಂಡೆಯ ಮೇಲೆ ಯಾರೋ ಅಂದರು.

"ಇವತ್ತ ಆಗಂಗಿಲ್ಲ," ಎಂದ ವಲಿ, ಬಾಯಿಂದ ರಬ್ಬರು ತೆಗೆದು. "ಮೂಗು ಕಟ್ಟೈತಿ. ರಾಯಚೂರಿಂದ ಮುಷರ್ರಫನ ಕರೆಸ್ತೀನಿ, ನಾಳಿಗಿ ಅವ ಇಳೀತಾನ. ನೀರು ನಿಂತದ, ಎಲ್ಲಿಗೂ ಹೋಗಂಗಿಲ್ಲ."

"ಕುಣಿಯಾಕ ಬರಲಾರದಾಕಿ ನೆಲ ಡೊಂಕು ಅಂದಳಂತ," ಎಂದಿತು ಇನ್ನೊಂದು ದನಿ. ಫೋನುಗಳು ಮೇಲೆದ್ದೇ ಇದ್ದವು. "ಮೊದಲಿನ ವಲಿ ಆಗಿದ್ರ ಇಷ್ಟೊತ್ತಿಗಿ ಮಣ್ಣು ಮಾಡಿ ಬರ್ತಿದ್ವಿ. ಡಬ್ಬ್ಯಾಗ ಗಾಳಿ ಅದ, ಇವನೊಳಗ ದಮ್ ಇಲ್ಲ."

ಅಂಬಮ್ಮ ಎದ್ದು ಬಂದಳು. ಅವಳು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನ ಗಲ್ಲ ಹಿಡಿದು, "ಯಪ್ಪಾ, ನಾಳಿತನ ನನ್ನ ಕೂಸು ನೀರಾಗ ಇರಬೇಕಾ? ಆ ಡಬ್ಬಿ ತಗದಿಡು. ಅದರ ಮ್ಯಾಲ ನನಗ ನಂಬಿಕಿಲ್ಲ. ನಿನ್ನ ದಮ್ ಮ್ಯಾಲ ಅದ," ಎಂದಳು.

ಮುದುಕಿಯ ಕಣ್ಣೀರಿಗೆ ಕರಗಿ ಹಾಗೆ ಮಾಡಿದ ಎಂದು ಆಮೇಲೆ ಎಲ್ಲರೂ ಹೇಳಿದರು. ಅದು ಅರ್ಧ ಸತ್ಯ. ಅವಳ ಬಾಯಿಂದ ಆ ಹಳೆಯ ಮಾತು ಬಿದ್ದಾಗ ವಲಿಯ ಎದೆ ಹಿಗ್ಗಿತು, ತಿಂಗಳುಗಟ್ಟಲೆ ಹಸಿದವನಿಗೆ ಅನ್ನ ತೋರಿಸಿದಂತಾಯಿತು. ಸತ್ತ ಹುಡುಗನ ಹೆಣ ನಾಳೆಯೂ ಸಿಗುತ್ತಿತ್ತು. ಆ ಮಾತು ನಾಳೆ ಸಿಗುತ್ತಿರಲಿಲ್ಲ. ಅವನು ಜಾಕೀಟು ಬಿಚ್ಚಿದ, ಕಲ್ಲಿನ ಪಟ್ಟಿ ಬಿಚ್ಚಿದ, ಕನ್ನಡಕ ಕಿತ್ತ. ಗಡಿಗೆಪ್ಪ ಅವನ ರಟ್ಟೆ ಹಿಡಿದ.

"ಬ್ಯಾಡ ವಲಿ. ನೌಶೀನ್‌ಗೆ ನಾ ಏನ್ ಹೇಳ್ಲಿ?"

"ಹಗ್ಗ ಹಿಡಿ," ಎಂದ ವಲಿ.

ದಂಡೆಯಲ್ಲಿ ಒಂದು ಗುಂಡುಕಲ್ಲು ಆರಿಸಿ ಎದೆಗವಚಿಕೊಂಡು ಧುಮುಕಿದ. ಜನ ಕೇಕೆ ಹಾಕಿದರು. ತಳ ಮುಟ್ಟುವ ಮುಂಚೆಯೇ ಬಲಗಿವಿಯಲ್ಲಿ ಏನೋ ಒಡೆಯಿತು, ತಣ್ಣೀರು ತಲೆಯೊಳಗೇ ಹೊಕ್ಕಂತಾಯಿತು, ಮೇಲು ಯಾವುದು ಕೆಳಗು ಯಾವುದು ತಿಳಿಯದಾಯಿತು. ಆದರೂ ಕೈ ತನ್ನ ಕೆಲಸ ಬಿಡಲಿಲ್ಲ. ಕೆಸರಿನಲ್ಲಿ ಆಡುತ್ತಾ ಆಡುತ್ತಾ ಒಂದು ಅಂಗಿಯ ತೋಳಿಗೆ ತಾಗಿತು. ಹಗ್ಗ ಜಗ್ಗಿದ. ಗಡಿಗೆಪ್ಪ ಎಳೆದುಕೊಂಡ.

ಆಮೇಲಿನದೆಲ್ಲ ಅವನು ಹಂಬಲಿಸಿದಂತೆಯೇ ನಡೆಯಿತು. ಜನ ಅವನನ್ನು ಎತ್ತಿ ಹಿಡಿದರು. ಅಂಬಮ್ಮನ ಮೈದುನ ಹೊಸ ಟವೆಲ್ ಬಿಡಿಸಿ, ಎಲ್ಲರೆದುರು ಅವನ ತಲೆಗೆ ಸುತ್ತಿದ. ಸುತ್ತಲೂ ಬಾಯಿಗಳು ತೆರೆದು ಮುಚ್ಚಿದವು, ಚಪ್ಪಾಳೆಯ ಕೈಗಳು ಕೂಡಿ ಬಿಟ್ಟವು. ಎಲ್ಲರೂ ದಮ್ ವಲಿ ಎಂದೇ ಕೂಗುತ್ತಿರಬೇಕು ಎಂದು ಅವನು ಊಹಿಸಿಕೊಂಡ. ಬಿಳಿ ಟವೆಲಿನ ಒಂದು ಬದಿ ಕೆಂಪಾಗುತ್ತಿದ್ದುದನ್ನು ಕಂಡವನು ಗಡಿಗೆಪ್ಪ ಒಬ್ಬನೇ.

ಗಡಿಗೆಪ್ಪ ಅವನನ್ನು ದೇವದುರ್ಗದ ಆಸ್ಪತ್ರೆಗೆ ಒಯ್ದು, ಹತ್ತಿ ಇಡಿಸಿ, ಬಸ್ಸು ಹತ್ತಿಸಿ, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ರಾಯಚೂರಿನವರೆಗೂ ಜೊತೆಗೆ ಬಂದ. ದಾರಿಯುದ್ದಕ್ಕೂ ಏನೇನೋ ಹೇಳಿದ. ವಲಿ ಕಿಟಕಿಯ ಹೊರಗೆ ಹತ್ತಿಯ ಹೊಲಗಳನ್ನು ನೋಡುತ್ತಾ ಕೂತಿದ್ದ. ಮನೆಯ ಬಾಗಿಲಲ್ಲಿ ಗಡಿಗೆಪ್ಪ ಡಬ್ಬಿ ಇಳಿಸಿ, ನೌಶೀನ್‌ಗೆ ನಾಲ್ಕು ಮಾತಿನಲ್ಲಿ ನಡೆದದ್ದನ್ನು ಹೇಳಿ, ಅವಳ ಮುಖ ನೋಡಲಾರದೆ ಹೊರಟುಹೋದ.

ವಲಿ ಎಂದಿನಂತೆ ಮಂಚದ ಎಡ ತುದಿಗೆ ಸರಿದು ಕೂತ. ನೌಶೀನ್ ಬಂದು ಬಲಗಡೆ ಕೂತಳು. ಅವಳ ಕಣ್ಣು ಕೆಂಪಾಗಿದ್ದವು.

"ಯಾರಿಗ್ ತೋರಸ್ಬೇಕಿತ್ತು ಅಬ್ಬಾ ನಿಮಗ?" ಕನ್ನಡದಲ್ಲೇ ಕೇಳಿದಳು. "ಯಾಕ ಬಿಚ್ಚಿಟ್ರಿ ಅದನ್ನ?"

ವಲಿ ಅವಳ ಬಾಯನ್ನೇ ನೋಡಿದ. ದಣಿದು ಬಂದ ಅಪ್ಪನನ್ನು ಮಗಳು ಕೇಳುವುದು ಇನ್ನೇನಿದ್ದೀತು ಎಂದುಕೊಂಡು, ಅವಳ ತಲೆ ಸವರಿ ನಕ್ಕ.

"ಆಯ್ತವ್ವಾ, ಉಂಡೇ ಬಂದೀನಿ," ಎಂದ.

ದನಿ ಎಷ್ಟು ದೊಡ್ಡದಾಗಿತ್ತೆಂದರೆ, ಗಂಡ ಮಗಳನ್ನು ಬೈಯುತ್ತಿದ್ದಾನೆ ಎಂದುಕೊಂಡು ಜಾಹೆದಾ ಒಳಗಿನಿಂದ ಓಡಿ ಬಂದಳು.